ಮುತ್ತಜ್ಜನ ಅವ್ವನ ಹೆಸರೇನು? ಹುಡುಕಲು ನಾನು ಹಿಡಿದ ದಾರಿಗಳು

ಹೋದ ವರ್ಷ ಮನೆಯಲ್ಲಿ ಹೊಲದ ಪಾಲಿನ ಮಾತು ಬಂತು. ಕಾಕಾ ಒಂದು ಹಾಳೆ ತೆಗೆದುಕೊಂಡು ವಂಶವೃಕ್ಷ ಬರೆದರು. ಮೇಲೆ ಮುತ್ತಜ್ಜ, ಅವನ ಕೆಳಗೆ ಗಂಡುಮಕ್ಕಳು, ಅವರ ಕೆಳಗೆ ಅವರ ಗಂಡುಮಕ್ಕಳು. ಸುಮ್ನೆ ಇರಲಾರದೆ, "ಮುತ್ತಜ್ಜನ ಅವ್ವನ ಹೆಸರೇನು?" ಅಂತ ಕೇಳಿದೆ. ಕೂತಿದ್ದ ಹನ್ನೊಂದು ಜನರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಆ ಹೆಸರಿನ ಬೆನ್ನು ಹತ್ತಿ ಒಂದು ವರ್ಷ ಕಳೆದೆ. ನಮ್ಮದು ಬೆಳಗಾವಿ ಜಿಲ್ಲೆಯ ಒಂದು ಹಳ್ಳಿ. ಬೇರೆ ಕಡೆಯವರಿಗೆ ಕಾಗದಪತ್ರದ ಹೆಸರು ಸ್ವಲ್ಪ ಬೇರೆ ಇರಬಹುದು, ದಾರಿಗಳು ಹೆಚ್ಚುಕಡಿಮೆ ಇವೇ.

ಮೊದಲು ಆಯಿ, ಅಂದರೆ ನನ್ನ ಅಪ್ಪನ ಅವ್ವ. ವಯಸ್ಸು ಎಂಬತ್ತು ದಾಟಿದೆ. ಮೊಬೈಲ್ ಮುಂದಿಟ್ಟು ರೆಕಾರ್ಡಿಂಗ್ ಒತ್ತಿ ಪ್ರಶ್ನೆ ಕೇಳಿದರೆ ಬಾಯೇ ಬಿಡಲಿಲ್ಲ. ಮರುದಿನ ಮೊರದಲ್ಲಿ ಜೋಳ ಹಾಕಿಕೊಂಡು ಪಕ್ಕಕ್ಕೆ ಕೂತೆ. ಕೈಗೆ ಕೆಲಸ ಸಿಕ್ಕಿದ ಮೇಲೆ ಮಾತು ನಿಲ್ಲಲೇ ಇಲ್ಲ. ಯಾರನ್ನು ಯಾವ ಊರಿಗೆ ಕೊಟ್ಟರು, ಯಾರಿಗೆ ಎಷ್ಟು ಕೂಸು ಹೋದವು, ಯಾರು ಯಾರ ಜೊತೆ ಮಾತು ಬಿಟ್ಟರು, ಎಲ್ಲ ಬಂತು. ಇಸವಿ ಮಾತ್ರ ಬರಲಿಲ್ಲ. ಆಯಿಯ ಪಂಚಾಂಗವೇ ಬೇರೆ: "ಡ್ಯಾಮಿನ ನೀರ ಬರೂಕಿಂತ ಮೊದಲ", "ಬರ ಬಿದ್ದ ವರ್ಷ". ಡ್ಯಾಂ ಅಂದರೆ ಮಲಪ್ರಭೆಯ ನವಿಲುತೀರ್ಥ, 1970ರ ದಶಕದ ಶುರು. ಹೀಗೆ ಒಂದೊಂದಕ್ಕೂ ಇಸವಿ ನಾವೇ ಕೂಡಿಸಿಕೊಳ್ಳಬೇಕು.

ನನಗೆ ಬೇಕಾದ ಹೆಸರು ಕೇಳಿದೆ. ಆಯಿ ಮದುವೆಯಾಗಿ ಬಂದಾಗ ಆ ಮುದುಕಿ ಇನ್ನೂ ಬದುಕಿದ್ದಳಂತೆ. "ಹಿರೇ ಅತ್ತಿ ಅಂತಿದ್ವಿ ಯವ್ವಾ. ಹೆಸರ ಹಿಡದು ಕರ್ಯಾಕ ಅಕಿ ಏನ್ ನನ್ನ ಗೆಳತಿ ಏನ್?"

ಎರಡನೆಯದು ಹೆಳವರು. ಉತ್ತರ ಕರ್ನಾಟಕದ ಹಳ್ಳಿಯವರಿಗೆ ಇವರು ಗೊತ್ತು. ಎತ್ತಿನ ಮೇಲೆ, ಕಾಲಿನ ಮೇಲೆ ಬಟ್ಟೆ ಹೊದ್ದು ಕೂತು, ಗಂಟೆ ಬಾರಿಸುತ್ತ ಬಂದು ಮನೆತನದ ಹಿಂದಿನವರ ಹೆಸರು ಹೇಳುವವರು. ಜೋಳವೋ ದುಡ್ಡೋ ಕೊಡಬೇಕು. ಅವರವರಿಗೆ ಮನೆಗಳು ಹಂಚಿಕೆಯಾಗಿರುತ್ತವೆ, ಆದ್ದರಿಂದ ನಿಮ್ಮ ಮನೆತನದ ಹೆಳವನನ್ನೇ ಹುಡುಕಬೇಕು. ನಮ್ಮವರು ಮೂರ್ನಾಲ್ಕು ವರ್ಷಕ್ಕೊಮ್ಮೆ ಸುಗ್ಗಿ ಮುಗಿದ ಮೇಲೆ ಬರುತ್ತಾರೆ. ಈ ಸಲ ಎತ್ತಲ್ಲ, ಬೈಕು.

ಒಂದೇ ಉಸಿರಿಗೆ ಏಳು ತಲೆಮಾರು ಹೇಳಿದರು. ಮೈ ಜುಮ್ಮೆಂದಿತು. ಮೂಲ ಊರು ಯಾವುದು, ಅಲ್ಲಿಂದ ಯಾಕೆ ಎದ್ದು ಬಂದರು ಅನ್ನುವುದೂ ಅವರ ಹತ್ತಿರ ಇತ್ತು. ಇದನ್ನು ಬೇರೆ ಯಾವ ದಾರಿಯೂ ಕೊಡಲಿಲ್ಲ. ಆದರೆ ಏಳು ತಲೆಮಾರಿನಲ್ಲಿ ಹೆಣ್ಣಿನ ಹೆಸರು ಒಂದೂ ಇಲ್ಲ. ಕೇಳಿದ್ದಕ್ಕೆ ನಕ್ಕರು. "ಹೆಣ್ಣಮಕ್ಕಳು ಕೊಟ್ಟ ಮನಿಗೆ ಹೋಗ್ತಾರಲ್ರೀ." ಬಂದ ಮನೆಯಲ್ಲಾದರೂ ಇರಬೇಕಲ್ವಾ? ಅಲ್ಲೂ ಇಲ್ಲ.

ಇನ್ನು ಆನ್‌ಲೈನ್. ಫ್ಯಾಮಿಲಿಸರ್ಚ್ ಪುಕ್ಕಟೆ. ಅಮೆರಿಕದ ಮಾರ್ಮನ್ ಚರ್ಚ್ ನಡೆಸುವ ತಾಣ. ಹರಿದ್ವಾರದ ಪಂಡಾಗಳ, ಅಂದರೆ ಯಾತ್ರಿಕರ ವಂಶಾವಳಿ ಬರೆದಿಡುವ ಪುರೋಹಿತರ, ವಹಿಗಳನ್ನು ಕೂಡ ಇವರು ಮೈಕ್ರೋಫಿಲ್ಮ್ ಮಾಡಿಟ್ಟಿದ್ದಾರೆ. ನಿಮ್ಮ ಹಿರಿಯರು ಅಲ್ಲಿಗೆ ಯಾತ್ರೆ ಹೋದವರಾದರೆ ನೋಡಿ. ನಮ್ಮವರು ಸವದತ್ತಿ ಎಲ್ಲಮ್ಮನ ಗುಡ್ಡ ದಾಟಿ ಹೋದವರಲ್ಲ. ಅಲ್ಲದೆ ನಮ್ಮಲ್ಲಿ ಅಜ್ಜನ ಹೆಸರು ಮೊಮ್ಮಗನಿಗೆ. ಬಸಪ್ಪನ ಮಗ ಮಲ್ಲಪ್ಪ, ಮಲ್ಲಪ್ಪನ ಮಗ ಬಸಪ್ಪ. ಹುಡುಕುವ ಪೆಟ್ಟಿಗೆಯಲ್ಲಿ ಬಸಪ್ಪ ಅಂತ ಹೊಡೆದರೆ ಯಾವ ಬಸಪ್ಪ? ಸಿಕ್ಕ ಹೆಸರು ಜೋಡಿಸಿಡಲು ಚೆನ್ನಾಗಿದೆ, ಹುಡುಕಲು ನನಗೆ ಉಪಯೋಗವಾಗಲಿಲ್ಲ. ನನ್ನ ತಮ್ಮ ಎಂಜಲು ಕೊಟ್ಟು ಡಿಎನ್‌ಎ ಪರೀಕ್ಷೆ ಮಾಡಿಸಿದ. "ದಕ್ಷಿಣ ಭಾರತ" ಅಂತ ಬಂತು. ಅಷ್ಟು ದುಡ್ಡು ಕೊಟ್ಟು ಅದನ್ನು ತಿಳಿಯಬೇಕಿತ್ತಾ!

ಶಾಲೆಯ ದಾಖಲಾತಿ ರಿಜಿಸ್ಟರೂ ನೋಡಿದೆ. ಅರ್ಧ ಊರು ಜೂನ್ 1ಕ್ಕೇ ಹುಟ್ಟಿದೆ. ಮಾಸ್ತರರು ಶಾಲೆ ಶುರುವಾಗುವ ದಿನವನ್ನೇ ಬರೆದುಕೊಂಡಿದ್ದಾರೆ. ನಾಡಕಚೇರಿಯಲ್ಲಿ ಸಿಗುವ ವಂಶವೃಕ್ಷ ಪ್ರಮಾಣಪತ್ರ ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಹೊಲ ವಾರಸುದಾರರ ಹೆಸರಿಗೆ ಮಾಡಿಸಲು ಬೇಕು, ಇತಿಹಾಸಕ್ಕೆ ಬೇಡ. ನಾವು ಹೇಳಿದ್ದನ್ನೇ ಪಂಚನಾಮೆ ಮಾಡಿ ನಮಗೇ ತಿರುಗಿ ಕೊಡುತ್ತಾರೆ.

ಕೊನೆಗೆ ಉತಾರ. ಮೈಸೂರು ಕಡೆ ಪಹಣಿ ಅನ್ನುತ್ತಾರೆ. ಸರಕಾರದ 'ಭೂಮಿ' ಜಾಲತಾಣದಲ್ಲಿ ಸರ್ವೆ ನಂಬರ್ ಹಾಕಿದರೆ ಈಗಿನದು ತಕ್ಷಣ ಬರುತ್ತದೆ. ಆದರೆ ಅದರಲ್ಲಿ ಈಗಿನವರೇ ಇರುತ್ತಾರೆ. ನಮಗೆ ಬೇಕಾದ್ದು ಹಕ್ಕು ಬದಲಾವಣೆಯ ಹಳೇ ರಿಜಿಸ್ಟರ್. ಹೊಲ ಯಾರ ಹೆಸರಿನಿಂದ ಯಾರಿಗೆ, ಯಾಕೆ ಹೋಯಿತು ಅಂತ ಅದರಲ್ಲಿ ಬರೆದಿರುತ್ತದೆ. ನಾವು ಆಗ ಮುಂಬೈ ಪ್ರಾಂತ್ಯ. ಅಲ್ಲಿ ಹಕ್ಕುದಾಖಲೆ ಕಾಯಿದೆ ಬಂದಿದ್ದು 1903ರಲ್ಲಿ, ಹಾಗಾಗಿ ನೂರು ವರ್ಷ ಹಿಂದಕ್ಕೆ ಹೋಗಬಹುದು. ಉತಾರದ ಮೇಲಿನ ಮ್ಯುಟೇಶನ್ (ಹಕ್ಕು ಬದಲಾವಣೆ) ನಂಬರ್ ಹಿಡಿದು ಒಂದೊಂದೇ ಮೆಟ್ಟಿಲು ಇಳಿಯಬೇಕು. ರೆಕಾರ್ಡ್ ರೂಮಿಗೆ ಅರ್ಜಿ ಕೊಟ್ಟೆ. ನಾಲ್ಕು ಸಲ ಅಲೆದೆ. ಸಿಕ್ಕ ನಕಲಿನಲ್ಲಿ ಕೆಲವು ಪುಟ ಮೋಡಿ ಲಿಪಿಯಲ್ಲಿತ್ತು, ಅಂದರೆ ಮರಾಠಿಯ ಹಳೇ ಓಡುಬರಹ. ಅದನ್ನು ಓದುವ ಒಬ್ಬ ನಿವೃತ್ತ ಗುಮಾಸ್ತರು ಸಿಕ್ಕಿದ್ದು ನನ್ನ ಪುಣ್ಯ.

ಹೊಲದ ಕಾಗದ ಹೊಲ ಇದ್ದವರನ್ನಷ್ಟೇ ಬಲ್ಲದು. ಹೆಳವರು ಮುತ್ತಜ್ಜನ ಜೊತೆ ಮೂವರು ಅಣ್ಣತಮ್ಮಂದಿರು ಅಂದಿದ್ದರು, ರಿಜಿಸ್ಟರಿನಲ್ಲಿ ಇಬ್ಬರೇ. ಯಾರು ಸುಳ್ಳು? ಆಯಿ ಬಿಡಿಸಿದಳು: ಒಬ್ಬ ದತ್ತಕ ಹೋಗಿದ್ದ. ಹೆಣ್ಣುಮಕ್ಕಳೂ ಹಳೇ ಪುಟಗಳಲ್ಲಿ ಅಪರೂಪ. ಕರ್ನಾಟಕದಲ್ಲಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಬಂದಿದ್ದು 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ. ನಮ್ಮ ಅತ್ತೆಯಂದಿರ ಹೆಸರು ಉತಾರ ಹತ್ತಿದ್ದೂ ಆಮೇಲೆಯೇ.

ಆದರೆ ಮುತ್ತಜ್ಜನ ಅಪ್ಪ ಚಿಕ್ಕ ವಯಸ್ಸಿಗೇ ತೀರಿಕೊಂಡಿದ್ದ. ಹುಡುಗರು ಇನ್ನೂ ಸಣ್ಣವರು. ಅವರ ಹೆಸರಿನ ಮುಂದೆ ಅ.ಪಾ.ಕ. ಅಂತಿತ್ತು, ಅಜ್ಞಾನ ಪಾಲನಕರ್ತ, ಅಂದರೆ ಮೈನರ್ ಮಕ್ಕಳ ಪರವಾಗಿ ನಿಂತವರು. ಗುಮಾಸ್ತರು ಕನ್ನಡಕ ಏರಿಸಿಕೊಂಡು ಓದಿದರು: "ತಾಯಿ ನಾಗವ್ವ."

ನಿಮ್ಮಲ್ಲಿ ಎಂಬತ್ತರ ಮೇಲಿನವರು ಇದ್ದರೆ ಅವರಿಂದಲೇ ಶುರು ಮಾಡಿ. ಕಾಗದ ಎಲ್ಲಿಯೂ ಹೋಗುವುದಿಲ್ಲ. ಆದರೆ ಕಾಗದ ಸಿಕ್ಕ ಮೇಲೆ ಮತ್ತೆ ಅವರ ಹತ್ತಿರವೇ ಬನ್ನಿ. ನಾನು ಆ ಹೆಸರು ತಂದು ಹೇಳಿದಾಗ ಆಯಿ ಜೋಳ ಹಸನು ಮಾಡುವುದನ್ನು ನಿಲ್ಲಿಸಿದಳು.

"ಹೌದನ? ಅದಕ್ಕ ಮತ್ತ ನಿಮ್ಮ ಸಣ್ಣತ್ತಿಗೆ ನಾಗವ್ವ ಅಂತ ಇಟ್ಟಿದ್ದು! ಮಾವನೋರು ಹಟಾ ಹಿಡದು ಇಡಿಸಿದ್ರು. ಪಂಚಮಿ ಹಬ್ಬದಾಗ ಹುಟ್ಯಾಳಂತ ಇಟ್ಟಾರ ಅಂದ್ಕೊಂಡಿದ್ನೆವ್ವಾ ನಾ, ಇಷ್ಟ ದಿನಾ."