ಸೋಲಾರ್ ಹಾಕ್ಸೋರೇ, ನೆಟ್ ಮೀಟರ್ ಬರೋ ತನಕ ಆನ್ ಮಾಡೋಕೆ ಬಿಡ್ಬೇಡಿ

ಮೈಸೂರಲ್ಲಿ ಯಾರಾದ್ರೂ ಪಿಎಂ ಸೂರ್ಯಘರ್‌ನಲ್ಲಿ (ಕೇಂದ್ರದ ಸಬ್ಸಿಡಿ ಸ್ಕೀಮು) ಸೋಲಾರ್ ಹಾಕ್ಸೋ ಪ್ಲಾನ್‌ನಲ್ಲಿದ್ರೆ ಇದನ್ನ ಓದಿ, ಹೊಟ್ಟೆ ಉರ್ಕೊಂಡು ಬರೀತಿದೀನಿ. ನೆಟ್ ಮೀಟರ್ ಅಂದ್ರೆ ಒಳಗೆ ಬಂದ ಕರೆಂಟು, ಹೊರಗೆ ಹೋದ ಕರೆಂಟು ಎರಡನ್ನೂ ಬೇರೆಬೇರೆ ಅಳೆಯೋ ಮೀಟ್ರು.

ನಮ್ದು ಬೋಗಾದಿ ಕಡೆ ಮನೆ, 3 ಕಿಲೋವ್ಯಾಟ್ ಆನ್‌ಗ್ರಿಡ್, ಅಂದ್ರೆ ಕರೆಂಟ್ ಲೈನಿಗೇ ಜೋಡಿಸಿರೋದು. ಸಬ್ಸಿಡಿ 78,000, ಒಳ್ಳೆ ಬಿಸಿಲಿದ್ರೆ ದಿನಕ್ಕೆ 12 ಯೂನಿಟ್ ಹತ್ರ ಬರುತ್ತೆ, ಎಲ್ಲಾ ನಿಮಗೂ ಗೊತ್ತಿರೋದೇ. ಪ್ಯಾನೆಲ್ ಕೂರ್ಸಿದ ದಿನಾನೇ ಸೋಲಾರ್ ಹಾಕೋಕೆ ಬಂದ ಹುಡುಗ ಬ್ರೇಕರ್ ಎತ್ತಿ "ಆನ್ ಮಾಡ್ಬಿಟ್ಟಿದೀನಿ ಸಾರ್, ಬಿಸಿಲು ಸುಮ್ನೆ ವೇಸ್ಟ್ ಯಾಕೆ, ನೆಟ್ ಮೀಟರ್ ಇನ್ನೇನು ಬಂದ್ಬಿಡುತ್ತೆ" ಅಂದ. ಬಾಕಿ ದುಡ್ಡೂ ಅವತ್ತೇ ಇಸ್ಕೊಂಡ್ರು. ನಮ್ಮಪ್ಪ ಆ್ಯಪ್ ತೆಗ್ದು ವಾಕಿಂಗ್ ಫ್ರೆಂಡ್ಸಿಗೆಲ್ಲಾ ಇವತ್ತು ಇಷ್ಟು ಯೂನಿಟ್ ಅಂತ ತೋರ್ಸಿದ್ದೇ ತೋರ್ಸಿದ್ದು.

ಬಿಲ್ ಬಂತು ನೋಡಿ. ಗೃಹಜ್ಯೋತೀಲಿ ಸೊನ್ನೆ ಬರ್ತಿದ್ದ ಮನೆ ಕಣ್ರೀ, 200 ಯೂನಿಟ್ ದಾಟಿ ಪೂರ್ತಿ ಬಿಲ್ಲು! ಸೋಲಾರ್ ಹಾಕ್ಸಿದ್ಮೇಲೆ! ಮೀಟರ್ ರೀಡರ್ ಮೇಲಕ್ಕೆ ನೋಡಿ "ನೆಟ್ ಮೀಟರ್ ಹಾಕ್ಸಿಲ್ವಾ ಸಾರ್? ಇದು ಮಾಮೂಲಿ ಮೀಟ್ರು, ಕರೆಂಟು ಒಳಗೆ ಬಂದ್ರೂ ಹೊರಗೆ ಹೋದ್ರೂ ಕೂಡ್ತಾನೇ ಹೋಗುತ್ತೆ" ಅಂದ. ನಂಬ್ಲಿಲ್ಲ. ಮಟಮಟ ಮಧ್ಯಾಹ್ನ ಮನೇದೆಲ್ಲಾ ಎಂಸಿಬಿ ಇಳ್ಸಿ ಸೋಲಾರ್ ಒಂದೇ ಬಿಟ್ಟು ಮೀಟರ್ ಮುಂದೆ ನಿಂತೆ. ಫ್ರಿಜ್ ಇಲ್ಲ, ಫ್ಯಾನ್ ಇಲ್ಲ, ಒಂದು ಬಲ್ಬೂ ಉರೀತಿಲ್ಲ, ಕೆಂಪು ಲೈಟು ಮಾತ್ರ ಪಟಪಟ ಹೊಡ್ಕೊಳ್ತಿದೆ, ಯೂನಿಟ್ ಏರ್ತಾನೇ ಇದೆ. ಡೈರಿಗೆ ಹಾಲೂ ಹಾಕಿ ಆ ಹಾಲಿಗೆ ನಾವೇ ದುಡ್ಡೂ ಕೊಟ್ಟಂಗಾಯ್ತು. ಮೈಯೆಲ್ಲಾ ಉರಿದೋಯ್ತು.

ಸೋಲಾರ್ ಹಾಕಿದ ಆ ಹುಡುಗನಿಗೆ ಫೋನ್ ಮಾಡಿದ್ರೆ ಉತ್ತರ ಕೇಳಿ. "ಮೀಟರ್ ನಮ್ದಲ್ಲ ಸಾರ್, ಕರೆಂಟ್ ಆಫೀಸ್‌ನೋರ್ದು." ಆನ್ ಮಾಡಿದ್ದು ಯಾರಪ್ಪಾ ಅಂದ್ರೆ "ನಿಮಗೇ ಹೆಲ್ಪ್ ಆಗ್ಲಿ ಅಂತ ಸಾರ್." ಹೆಲ್ಪ್ ಅಂತೆ! ಅರ್ಜಿ ಎಲ್ಲಿಗೆ ಬಂತು ಅಂದ್ರೆ "ಪ್ರೋಸೆಸ್‌ನಲ್ಲಿದೆ ಸಾರ್, ಸರ್ವರ್ ಡೌನು." ಆಮೇಲೆ ವಾಟ್ಸಾಪಲ್ಲಿ ಬರೀ ಹೆಬ್ಬೆಟ್ಟು. ನಾನೇ ಕರೆಂಟ್ ಆಫೀಸಿಗೆ ಹೋಗಿ ಆರ್‌ಆರ್ ನಂಬರ್ (ಬಿಲ್‌ನಲ್ಲಿರೋ ಕನೆಕ್ಷನ್ ನಂಬರ್) ಕೊಟ್ಟು ವಿಚಾರ್ಸಿದ್ರೆ ನೆಟ್ ಮೀಟರ್ ಫೈಲೇ ಬಂದಿಲ್ಲ! ಅಲ್ಲಿನ ಜೂನಿಯರ್ ಇಂಜಿನಿಯರ್ ನನಗೇ ಕ್ಲಾಸ್ ತಗೊಂಡ್ರು, ಇನ್ಸ್‌ಪೆಕ್ಷನ್ ಆಗ್ದೆ ಲೈನಿಗೆ ಹೆಂಗ್ರೀ ಬಿಟ್ರಿ, ಕಂಬದ ಮೇಲೆ ನಮ್ಮ ಹುಡುಗ್ರು ಇರ್ತಾರೆ ಅಂತ. ಅವರು ಹೇಳಿದ್ದು ಸರೀನೇ, ಆದ್ರೆ ದುಡ್ಡು ಎಣಿಸ್ಕೊಂಡೋನು ಅವ್ನು, ಬೈಸ್ಕೊಂಡೋನು ನಾನು. ಸಬ್ಸಿಡಿನೂ ಅಷ್ಟೇ, ನೆಟ್ ಮೀಟರ್ ಕೂತು ಕಮಿಷನಿಂಗ್ (ಚೆಕ್ ಮಾಡಿ ಅಧಿಕೃತವಾಗಿ ಚಾಲೂ ಮಾಡೋದು) ಆಗೋವರ್ಗೂ ಒಂದ್ರೂಪಾಯಿ ಬರಲ್ಲ.

ಹಾಂ, ಇನ್ನೊಂದು. "ಕರೆಂಟ್ ಹೋದ್ರೂ ನಿಮ್ಮನೇಲಿ ಲೈಟಿರುತ್ತೆ" ಅಂತಾನೂ ಅಂದಿದ್ದ. ಶುದ್ಧ ಸುಳ್ಳು. ಬ್ಯಾಟರಿ ಇಲ್ದಿರೋ ಆನ್‌ಗ್ರಿಡ್ ಆದ್ರೆ ಲೈನ್ ಹೋದ ತಕ್ಷಣ ಇನ್ವರ್ಟರೂ ಆಫ್ ಆಗುತ್ತೆ, ಲೈನ್‌ಮನ್‌ಗೆ ಶಾಕ್ ಹೊಡೀಬಾರ್ದು ಅಂತಾನೇ ಹಂಗೆ ಮಾಡಿರೋದು.

ಅರ್ಜಿ ನಂಬರ್ ಇಸ್ಕೊಂಡು ಪೋರ್ಟಲ್‌ನಲ್ಲಿ ನೀವೇ ನೋಡ್ತಿರಿ. ಕೊನೇ ಕಂತು ನೆಟ್ ಮೀಟರ್ ಕಣ್ಣಾರೆ ಕಂಡ್ಮೇಲೇ ಕೊಡಿ. "ಸುಮ್ನೆ ಆನ್ ಮಾಡೋಣ ಸಾರ್" ಅಂದ್ರೆ ಅವ್ನ ಕೈ ಹಿಡ್ಕೊಳ್ಳಿ.

ನೆನ್ನೆ ಅದೇ ಆಸಾಮಿ ಮೆಸೇಜ್ ಹಾಕ್ತಾನೆ, ಪಕ್ಕದ ಬೀದೀಲಿ ಒಬ್ರು ಹಾಕ್ಸ್ತಾರಂತೆ, ನಿಮ್ಮನೆ ಸಿಸ್ಟಮ್ ತೋರಿಸ್ಬಹುದಾ ಸಾರ್ ಅಂತ. ಧಾರಾಳವಾಗಿ ಕಳ್ಸಪ್ಪಾ ಅಂದಿದೀನಿ, ಬಿಲ್ಲೂ ತೆಗ್ದಿಟ್ಟಿದೀನಿ.