ಸ್ಕೋಪಿನ ಗ್ರೌಂಡ್ ಕ್ಲಿಪ್ ಹಾಕುವ ಮುನ್ನ ಮೀಟರ್ ಹಿಡಿಯಿರಿ

ಎಸ್‌ಎಂಪಿಎಸ್ (ಮೇನ್ಸನ್ನು ಡಿಸಿ ಮಾಡಿಕೊಡುವ ಸ್ವಿಚಿಂಗ್ ಪವರ್ ಸಪ್ಲೈ) ರಿಪೇರಿಯಲ್ಲಿ ಸ್ಕೋಪ್, ಅಂದರೆ ವೋಲ್ಟೇಜಿನ ಏರಿಳಿತವನ್ನು ಪರದೆಯಲ್ಲಿ ತೋರಿಸುವ ಆಸಿಲೋಸ್ಕೋಪ್, ಸುಡುವುದು ಹೆಚ್ಚಾಗಿ ಒಂದೇ ಜಾಗದಲ್ಲಿ. ಮಾಸ್ಫೆಟ್ (ಸ್ವಿಚ್ ಆಗಿ ಕೆಲಸ ಮಾಡುವ ಟ್ರಾನ್ಸಿಸ್ಟರ್) ಗೇಟಿನ ಪಲ್ಸ್ ನೋಡಲು ಪ್ರೋಬಿನ (ಸ್ಕೋಪಿನ ಅಳತೆ ತಂತಿ) ಗ್ರೌಂಡ್ ಕ್ಲಿಪ್ಪನ್ನು ದೊಡ್ಡ ಕೆಪಾಸಿಟರಿನ ಮೈನಸ್ ಕಾಲಿಗೆ ಕಚ್ಚಿಸುತ್ತಾರೆ. ಬೋರ್ಡಿನ ಗ್ರೌಂಡ್ ಅದೇ ತಾನೆ ಎಂಬ ನಂಬಿಕೆ. ಪವರ್ ಕೊಟ್ಟೊಡನೆ ಢಬ್! ಕ್ಲಿಪ್ಪಿನ ಹಲ್ಲು ಕರಗಿ ಕೆಪಾಸಿಟರ್ ಕಾಲಿಗೆ ಅಂಟಿರುತ್ತದೆ, ಸುತ್ತ ಮಸಿ, ಎಸಿಯನ್ನು ಡಿಸಿ ಮಾಡುವ ಬ್ರಿಡ್ಜಿನ ಡಯೋಡ್ ಶಾರ್ಟ್. ಸ್ಕೋಪಿನೊಳಗಿನ ಗ್ರೌಂಡ್ ಟ್ರ್ಯಾಕ್ ಸುಟ್ಟಿದ್ದರೆ ಚಾನೆಲ್ಲೂ ಹೋಯಿತು.

ಆ ಕ್ಲಿಪ್ಪು, ಬಿಎನ್‌ಸಿಯ (ಪ್ರೋಬ್ ಸಿಕ್ಕಿಸುವ ಸಾಕೆಟ್) ಹೊರಗಿನ ಲೋಹ, ಮೂರು ಪಿನ್ನಿನ ಪ್ಲಗ್ಗಿನ ಅರ್ತ್ ಮೂರೂ ಒಂದೇ ತಂತಿ. ಮೀಟರನ್ನು ಬೀಪ್‌ನಲ್ಲಿಟ್ಟು ನೋಡಿ, ತಿಳಿಯುತ್ತದೆ. ಎಲ್ಲ ಚಾನೆಲ್ಲುಗಳ ಕ್ಲಿಪ್ಪುಗಳೂ ಒಳಗೆ ಸೇರಿಕೊಂಡೇ ಇರುತ್ತವೆ. 230 ವೋಲ್ಟ್ ಮೇನ್ಸಿನಲ್ಲಿ ಫೇಸ್ ಮೈನಸ್ಸಿಗೆ ಇಳಿಯುವ ಪ್ರತಿ ಅರ್ಧ ಸೈಕಲ್ಲಿನಲ್ಲೂ ಆ ಕೆಪಾಸಿಟರಿನ ಮೈನಸ್ ಕಾಲು ಒಂದು ಡಯೋಡಿನ ಮೂಲಕ ಫೇಸಿಗೇ ಸೇರಿರುತ್ತದೆ. ಅರ್ತ್‌ಗೆ ಹೋಲಿಸಿದರೆ ಸುಮಾರು 325 ವೋಲ್ಟ್ ಕೆಳಗೆ. ಅಲ್ಲಿಗೆ ಕ್ಲಿಪ್ ಹಾಕುವುದೆಂದರೆ ಫೇಸನ್ನೇ ಅರ್ತ್‌ಗೆ ಶಾರ್ಟ್ ಮಾಡಿದಂತೆ.

ಇದಕ್ಕೆ ಸ್ಕೋಪಿನ ಅರ್ತ್ ಪಿನ್ ಕತ್ತರಿಸಿ ಎಂದು ಹೇಳುವವರಿದ್ದಾರೆ. ದಯವಿಟ್ಟು ಮಾಡಬೇಡಿ. ಶಾರ್ಟ್ ತಪ್ಪುತ್ತದೆ ನಿಜ, ಆದರೆ ಬಿಎನ್‌ಸಿ, ಯುಎಸ್‌ಬಿ ಪೋರ್ಟು, ಲೋಹದ ಮೈ ಎಲ್ಲದರಲ್ಲೂ ಮೇನ್ಸ್ ನಿಲ್ಲುತ್ತದೆ. ಇನ್ನೊಂದು ಕೈಯಿಂದ ಅರ್ತ್ ಆದ ಏನನ್ನಾದರೂ ಮುಟ್ಟಿದರೆ ಜೀವಕ್ಕೇ ಸಂಚಕಾರ. ಬಿಎನ್‌ಸಿಯ ಲೋಹ ತೆರೆದಿರುವ ಬ್ಯಾಟರಿ ಸ್ಕೋಪಿಗೂ ಇದೇ ಮಾತು.

ಐಸೊಲೇಶನ್ ಟ್ರಾನ್ಸ್‌ಫಾರ್ಮರ್ (ಮೇನ್ಸಿನ ಬದಿಗೂ ಔಟ್‌ಪುಟ್ ಬದಿಗೂ ಸುರುಳಿ ಬೇರೆಬೇರೆ ಇರುವ ಟ್ರಾನ್ಸ್‌ಫಾರ್ಮರ್) ಇದ್ದರೆ ಅದರ ಮೂಲಕ ಬೋರ್ಡಿಗೆ ಸಪ್ಲೈ ಕೊಡಿ, ಸ್ಕೋಪಿಗಲ್ಲ. ಸ್ಕೋಪಿನ ಅರ್ತ್ ಹಾಗೇ ಇರಲಿ. ಆಟೋಟ್ರಾನ್ಸ್‌ಫಾರ್ಮರ್ ಈ ಕೆಲಸಕ್ಕೆ ಬರುವುದಿಲ್ಲ, ಅದರಲ್ಲಿ ಎರಡೂ ಬದಿಗೆ ತಂತಿ ಒಂದೇ. ಐಸೊಲೇಶನ್ ಇದ್ದರೂ ಒಮ್ಮೆ ಕ್ಲಿಪ್ ಹಾಕಿದಿರೆಂದರೆ ಆ ಬಿಂದು ಅರ್ತ್ ಆಯಿತು. ಬೋರ್ಡಿನ ಉಳಿದ ಭಾಗ ಮುಟ್ಟಿದರೆ ಶಾಕ್ ಹೊಡೆಯುತ್ತದೆ. ಪದೇ ಪದೇ ಇದೇ ಕೆಲಸವಾದರೆ ಡಿಫರೆನ್ಷಿಯಲ್ ಪ್ರೋಬ್ (ಯಾವ ಬಿಂದುವನ್ನೂ ಅರ್ತ್ ಮಾಡದೆ ಎರಡು ಬಿಂದುಗಳ ನಡುವಿನ ವೋಲ್ಟೇಜ್ ತೋರಿಸುವುದು) ಕೊಳ್ಳುವುದೇ ಸರಿ. ಅದಿಲ್ಲದಿದ್ದಾಗ ಎರಡು 10ಎಕ್ಸ್ (ವೋಲ್ಟೇಜನ್ನು ಹತ್ತನೇ ಒಂದಕ್ಕೆ ಇಳಿಸುವ) ಪ್ರೋಬುಗಳ ಕ್ಲಿಪ್ ತೆಗೆದಿಟ್ಟು, ತುದಿಗಳನ್ನು ಎರಡು ಬಿಂದುಗಳಿಗೆ ಇಟ್ಟು, ಸ್ಕೋಪಿನ ಮ್ಯಾಥ್ ಮೆನುವಿನಲ್ಲಿ ಒಂದರಿಂದ ಇನ್ನೊಂದನ್ನು ಕಳೆಯಬಹುದು. ಸಣ್ಣ ಸಿಗ್ನಲ್ ಇದರಲ್ಲಿ ಸರಿಯಾಗಿ ಕಾಣುವುದಿಲ್ಲ. ಎರಡೂ ಪ್ರೋಬುಗಳ ವೋಲ್ಟೇಜ್ ಮಿತಿ ಮೊದಲೇ ಓದಿಕೊಳ್ಳಿ; ಫ್ರೀಕ್ವೆನ್ಸಿ ಏರಿದಂತೆ ಅದು ಇಳಿಯುತ್ತದೆ, 1ಎಕ್ಸ್‌ನಲ್ಲಿ ಇನ್ನೂ ಕಡಿಮೆ.

ಯಾವ ಬೋರ್ಡಾದರೂ ಸರಿ, ಕ್ಲಿಪ್ ಹಾಕುವ ಜಾಗಕ್ಕೂ ಅರ್ತ್‌ಗೂ ನಡುವೆ ಮೀಟರಿನಿಂದ ಎಸಿ, ಡಿಸಿ ಎರಡೂ ಅಳೆಯಿರಿ. ಎರಡು ಪಿನ್ನಿನ ಅಡಾಪ್ಟರಿನ ಔಟ್‌ಪುಟ್ಟಿನಲ್ಲೂ ನೂರರ ಆಸುಪಾಸು ಎಸಿ ತೋರಿಸಬಹುದು. ಅದು ವೈ ಕೆಪಾಸಿಟರಿನ (ಮೇನ್ಸ್ ಬದಿಗೂ ಔಟ್‌ಪುಟ್ ಬದಿಗೂ ನಡುವೆ ಹಾಕಿರುವ ಸಣ್ಣ ಕೆಪಾಸಿಟರ್) ಸೋರಿಕೆಯಾದರೆ, 100 ಕಿಲೋ ಓಮ್, 1 ವ್ಯಾಟಿನ ರೆಸಿಸ್ಟರನ್ನು ಮೀಟರಿನ ಎರಡು ತುದಿಗಳ ನಡುವೆ ಹಾಕಿದಾಗ ಕೆಲವೇ ವೋಲ್ಟಿಗೆ ಬೀಳುತ್ತದೆ. ಬೀಳದಿದ್ದರೆ ಅಲ್ಲಿ ಕ್ಲಿಪ್ ಹಾಕಬೇಡಿ.