ಸೂಜಿ ಹೊಸದು, ಪೆನ್ ಹಳೆಯದು: ಒಂದು ರಕ್ತ ಪರೀಕ್ಷಾ ಕೇಂದ್ರದ ವಿಮರ್ಶೆ

ರಕ್ತ ಪರೀಕ್ಷೆಗೆ ಹೋಗುವಾಗ ನನ್ನನ್ನು ಕಾಡುವುದು ನೋವಿನ ಭಯವಲ್ಲ. ನನ್ನ ತೋಳಿಗೆ ಚುಚ್ಚುವ ಸೂಜಿ ಅದಕ್ಕೂ ಮೊದಲು ಇನ್ನಾರ ಮೈಯನ್ನಾದರೂ ಹೊಕ್ಕು ಬಂದಿದ್ದರೆ ಎಂಬ ಶಂಕೆ. ಈ ಶಂಕೆಯಿಂದಾಗಿಯೇ ವೈದ್ಯರು ಬರೆದುಕೊಟ್ಟ ಚೀಟಿಯನ್ನು ಎರಡು ಬಾರಿ ಮೇಜಿನ ಡ್ರಾಯರಿನಲ್ಲಿಟ್ಟು ಮರೆತವನಂತೆ ನಟಿಸಿದ್ದೇನೆ. ಮೂರನೆಯ ಬಾರಿ ಅವರು ದನಿ ಏರಿಸಿದ ಮೇಲೆ ವಿಧಿಯಿಲ್ಲದೆ ಒಂದು ಪರೀಕ್ಷಾ ಕೇಂದ್ರಕ್ಕೆ ಹೋದೆ. ಅದರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅಲ್ಲಿ ಸರಿಯಾಗಿದ್ದುದು ಏನು, ಸರಿಯಿಲ್ಲದ್ದು ಏನು ಎಂಬುದನ್ನಷ್ಟೇ ಹೇಳುತ್ತೇನೆ, ಏಕೆಂದರೆ ನಾನು ಹೆದರಿದ್ದು ಒಂದಕ್ಕೆ, ಹೆದರಬೇಕಾಗಿದ್ದುದು ಇನ್ನೊಂದಕ್ಕೆ.

ಮೊದಲು ಸೂಜಿಯ ಮಾತು. ರಕ್ತ ತೆಗೆಯುವ ಮುನ್ನ ಸೂಜಿಯನ್ನು ನೋಡಬಹುದೇ ಎಂದು ನಾನು ಸಂಕೋಚದಿಂದಲೇ ಕೇಳಿದೆ. ಲ್ಯಾಬ್ ತಂತ್ರಜ್ಞೆ ಮುಖ ಸಿಂಡರಿಸಲಿಲ್ಲ. ಮುಚ್ಚಳ ಹಾಕಿದ್ದ ಸೂಜಿಯನ್ನು ನನ್ನ ಅಂಗೈ ಮೇಲೆಯೇ ಇಟ್ಟರು. ಎರಡು ತುಂಡುಗಳ ಪ್ಲಾಸ್ಟಿಕ್ ಮುಚ್ಚಳ, ಅವೆರಡೂ ಕೂಡುವ ಜಾಗದ ಸುತ್ತ ಅಂಟಿಸಿದ ಕಾಗದದ ಪಟ್ಟಿ, ಅದರ ಮೇಲೆ ಅವಧಿ ಮುಗಿಯುವ ತಿಂಗಳು ಮತ್ತು ವರ್ಷ. ನಾನು ಓದಿ ಹಿಂತಿರುಗಿಸಿದ ಮೇಲೆ ಅವರು ನನ್ನ ಕಣ್ಣೆದುರಿಗೇ ಮುಚ್ಚಳವನ್ನು ತಿರುಚಿದರು. ಟಕ್ಕೆಂದು ಸಣ್ಣ ಸದ್ದಾಗಿ ಕಾಗದ ಹರಿಯಿತು. ಈ ಪಟ್ಟಿ ಒಮ್ಮೆ ಹರಿದರೆ ಮತ್ತೆ ಮೊದಲಿನಂತೆ ಕೂಡುವುದಿಲ್ಲವಾದ್ದರಿಂದ, ಸೂಜಿ ಹೊಸದೇ ಎಂಬುದಕ್ಕೆ ರೋಗಿಗೆ ಸಿಗಬಹುದಾದ ಅತ್ಯಂತ ನೇರವಾದ ಸಾಕ್ಷಿ ಇದೇ. ಆ ಸದ್ದು ಕೇಳಿದ ಮೇಲೆ ನನ್ನ ಉಸಿರು ಹದಕ್ಕೆ ಬಂತೆಂದು ಒಪ್ಪಿಕೊಳ್ಳಲು ನಾಚಿಕೆಯಿಲ್ಲ.

ಈ ಬಗೆಯ ಸೂಜಿಗೆ ಎರಡು ಮೊನೆಗಳಿರುತ್ತವೆ ಎಂಬುದು ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. ಮುಂದಿನದು ರಕ್ತನಾಳಕ್ಕೆ; ಹಿಂದಿನದು ರಬ್ಬರಿನ ತೆಳು ಕವಚದೊಳಗೆ ಅಡಗಿರುತ್ತದೆ, ಪರೀಕ್ಷಾ ನಳಿಕೆಯನ್ನು ಒತ್ತಿದಾಗ ಮಾತ್ರ ಅದರ ಬಿರಡೆಯನ್ನು ಚುಚ್ಚಿ ಹೊರಬರುತ್ತದೆ. ನಳಿಕೆಯೊಳಗೆ ಮೊದಲೇ ನಿರ್ವಾತವಿರುವುದರಿಂದ ರಕ್ತ ತಾನಾಗಿಯೇ ಬೇಕಾದಷ್ಟು ಪ್ರಮಾಣದಲ್ಲಿ ಒಳಸರಿಯುತ್ತದೆ. ನನ್ನಿಂದ ಮೂರು ನಳಿಕೆ ತೆಗೆದರು, ಚುಚ್ಚಿದ್ದು ಒಮ್ಮೆ ಮಾತ್ರ. ಸಿರಿಂಜಿನಲ್ಲಿ ರಕ್ತ ಎಳೆದು ಅನಂತರ ಬೇರೆ ಬೇರೆ ನಳಿಕೆಗಳಿಗೆ ಸುರಿಯುವ ಹಳೆಯ ರೀತಿಗಿಂತ ಇದರಲ್ಲಿ ರಕ್ತ ಹೊರಗೆ ಚೆಲ್ಲುವ ಅವಕಾಶ ಬಹಳ ಕಡಿಮೆ. ಇದರಿಂದ ರೋಗಿಗಿಂತಲೂ ಹೆಚ್ಚಿನ ಉಪಕಾರವಾಗುವುದು ರಕ್ತ ತೆಗೆಯುವವರಿಗೆ.

ಅಪಾಯದ ಅಳತೆಯನ್ನೂ ಇಲ್ಲಿ ಹೇಳಬೇಕು. ಸೋಂಕಿತರಿಗೆ ಬಳಸಿದ ಸೂಜಿ ಆಕಸ್ಮಿಕವಾಗಿ ಚುಚ್ಚಿದಾಗ ಎಚ್‌ಐವಿ ತಗಲುವ ಸಾಧ್ಯತೆ ಸುಮಾರು 0.3 ಶೇಕಡಾ ಎಂದು ವೈದ್ಯಕೀಯ ಲೋಕ ಬಹುಕಾಲದಿಂದ ಲೆಕ್ಕ ಹಾಕುತ್ತ ಬಂದಿದೆ. ಯಕೃತ್ತಿಗೆ ತಗಲುವ ವೈರಸ್ ಸೋಂಕಾದ ಹೆಪಟೈಟಿಸ್ ಬಿ ವಿಷಯದಲ್ಲಿ, ಲಸಿಕೆ ಪಡೆಯದವರಿಗೆ ಅದು 6ರಿಂದ 30 ಶೇಕಡಾ. ಎಲ್ಲರೂ ಹೆದರುವುದು ಮೊದಲನೆಯದಕ್ಕೆ, ಸುಲಭವಾಗಿ ಅಂಟುವುದು ಎರಡನೆಯದು. ಒಣಗಿದ ರಕ್ತದಲ್ಲಿಯೂ ಹೆಪಟೈಟಿಸ್ ಬಿ ವೈರಸ್ ಕನಿಷ್ಠ ಏಳು ದಿನ ಬದುಕಿರಬಲ್ಲದು. ಆದರೆ ಈ ಅಂಕಿಗಳೆಲ್ಲ ಬಳಸಿದ ಸೂಜಿಗೆ ಸಂಬಂಧಿಸಿದವು. ಮೊಹರು ಒಡೆದು ತೆಗೆದ ಹೊಸ ಸೂಜಿಯಲ್ಲಿ ಇನ್ನೊಬ್ಬರ ರಕ್ತವೇ ಇಲ್ಲದಿರುವಾಗ ಅದರಿಂದ ಇನ್ನೊಬ್ಬರ ರೋಗ ಬರುವ ಪ್ರಶ್ನೆಯೇ ಏಳುವುದಿಲ್ಲ.

ಕೆಲಸ ಮುಗಿದೊಡನೆ ತಂತ್ರಜ್ಞೆ ಸೂಜಿಗೆ ಮತ್ತೆ ಮುಚ್ಚಳ ಹಾಕಲಿಲ್ಲ, ತಟ್ಟೆಯಲ್ಲಿ ಇಡಲೂ ಇಲ್ಲ. ಅದನ್ನು, ಅದರ ಹಿಂಬದಿಯ ಮೊನೆಯನ್ನು ಸುತ್ತುವರಿದಿದ್ದ ಪ್ಲಾಸ್ಟಿಕ್ ಹಿಡಿಕೆಯ ಸಮೇತ, ಪಕ್ಕದಲ್ಲಿದ್ದ ಗಟ್ಟಿ ಡಬ್ಬಿಯೊಳಗೆ ಹಾಕಿದರು. ಹಿಡಿಕೆಯನ್ನು ಉಳಿಸಿಕೊಂಡು ಸೂಜಿಯನ್ನು ಮಾತ್ರ ಬದಲಿಸುವ ಕಡೆಗಳೂ ಇವೆ. ಹಿಂಬದಿಯ ಮೊನೆಯಿಂದ ಹಿಡಿಕೆಯೊಳಗೆ ರಕ್ತದ ಹನಿ ಸಿಡಿದಿರಬಹುದಾದ್ದರಿಂದ ಅದು ಒಳ್ಳೆಯ ಪದ್ಧತಿಯಲ್ಲ. ಈ ಕೇಂದ್ರ ಆ ಉಳಿತಾಯಕ್ಕೆ ಕೈಹಾಕಿಲ್ಲ ಎಂಬುದು ಮೆಚ್ಚುವ ಸಂಗತಿ.

ಇನ್ನು ಆಕ್ಷೇಪಗಳು. ಸ್ಪಿರಿಟ್ ಹಚ್ಚಿ ಒರೆಸಿದ ಜಾಗ ಪೂರ್ತಿ ಆರುವವರೆಗೆ ಅವರು ಕಾಯಲಿಲ್ಲ. ಸಾಲದೆಂಬಂತೆ, ನಾಳ ಎಲ್ಲಿದೆ ಎಂದು ಖಚಿತಪಡಿಸಿಕೊಳ್ಳಲು ಒರೆಸಿದ ಜಾಗವನ್ನೇ ಮತ್ತೊಮ್ಮೆ ಬೆರಳಿನಿಂದ ಒತ್ತಿ ನೋಡಿದರು. ಸುಮಾರು 30 ಸೆಕೆಂಡು ಆರಿದಾಗಲೇ ಸ್ಪಿರಿಟ್ ತನ್ನ ಕೆಲಸ ಪೂರೈಸುವುದು, ಮುಟ್ಟಿದರೆ ಮತ್ತೆ ಒರೆಸಬೇಕು. ಹಾಗೆ ಮಾಡದಿದ್ದರೆ ಒಳಹೋಗುವುದು ಇನ್ನೊಬ್ಬರ ವೈರಸ್ ಅಲ್ಲ, ಚರ್ಮದ ಮೇಲಿನ ಬ್ಯಾಕ್ಟೀರಿಯಾ. ಅಪರೂಪವಾದರೂ ಅದೂ ಸೋಂಕೇ. ನಾನು ಹೇಳಿದಾಗ ಅವರು ಬೇಸರಿಸದೆ ಮತ್ತೊಂದು ಹತ್ತಿ ತೆಗೆದು ಒರೆಸಿದರು. ತೋಳಿಗೆ ಬಿಗಿದ ರಬ್ಬರ್ ಪಟ್ಟಿಯ ಅಂಚಿನಲ್ಲಿ ಮಾತ್ರ ಕಂದುಬಣ್ಣದ ಒಂದು ಕಲೆಯಿತ್ತು. ಅದು ಅಯೋಡಿನ್ ಇರಬಹುದು, ಬೇರೆ ಏನಾದರೂ ಇರಬಹುದು. ನನ್ನ ಮನಸ್ಸು ಯಾವುದನ್ನು ಆರಿಸಿಕೊಂಡಿತೆಂದು ಹೇಳಬೇಕಾಗಿಲ್ಲ.

ಆದರೆ ನಿಜವಾಗಿ ಗಾಬರಿಯಾದದ್ದು ಹೊರಗೆ ಬರುವಾಗ. ಬಾಗಿಲ ಬಳಿಯ ಮೇಜಿನಲ್ಲಿ ಉಚಿತವಾಗಿ ಸಕ್ಕರೆ ಅಂಶ ನೋಡುತ್ತಿದ್ದರು. ಅಲ್ಲಿದ್ದ ಹುಡುಗ ಬೆರಳಿಗೆ ಚುಚ್ಚುವ ಪೆನ್ನಿನೊಳಗಿನ ಪುಟ್ಟ ಸೂಜಿಯನ್ನು ಪ್ರತಿಯೊಬ್ಬರಿಗೂ ಬದಲಿಸುತ್ತಿದ್ದ, ನಿಜ. ಆದರೆ ಪೆನ್ ಅದೇ, ಬೆರಳಿಗೆ ತಾಗುವ ತುದಿಯ ಮುಚ್ಚಳವೂ ಅದೇ; ಹಿಂದಿನವರ ರಕ್ತ ಅದಕ್ಕೆ ಅಂಟಿರಬಹುದು. ಮನೆಯಲ್ಲಿ ಒಬ್ಬರೇ ಬಳಸಲೆಂದು ಮಾಡಿದ ಸಾಧನವದು. ಇಂಥ ಪೆನ್ನುಗಳನ್ನು ಹಲವರಿಗೆ ಬಳಸಿದ್ದರಿಂದ ಆಸ್ಪತ್ರೆಗಳಲ್ಲೂ ವೃದ್ಧರ ಆರೈಕೆ ಕೇಂದ್ರಗಳಲ್ಲೂ ಹೆಪಟೈಟಿಸ್ ಬಿ ಹರಡಿದ ಪ್ರಕರಣಗಳು ದಾಖಲಾಗಿವೆ. ಹಲವರಿಗೆ ಪರೀಕ್ಷೆ ಮಾಡುವಲ್ಲಿ, ಒಮ್ಮೆ ಚುಚ್ಚಿದ ಮೇಲೆ ಮತ್ತೆ ಕೆಲಸ ಮಾಡದಂತೆ ಒಳಗೇ ಲಾಕ್ ಆಗುವ ಲ್ಯಾನ್ಸೆಟ್‌ಗಳನ್ನೇ (ಬೆರಳು ಚುಚ್ಚುವ ಪುಟ್ಟ ಸೂಜಿಗಳನ್ನೇ) ಬಳಸಬೇಕು. ಒಳಗಿನ ಕೋಣೆಯಲ್ಲಿ ಅಷ್ಟು ಶಿಸ್ತು ಪಾಲಿಸುವ ಕೇಂದ್ರ, ಬಾಗಿಲಲ್ಲಿ ಅದನ್ನು ಮರೆತಿದ್ದು ಹೇಗೆಂದು ನನಗೆ ಅರ್ಥವಾಗಲಿಲ್ಲ. ಆ ಮೇಜಿನ ಮುಂದಿನ ಸಾಲು ಒಳಗಿನದಕ್ಕಿಂತ ಉದ್ದವಾಗಿತ್ತು. ಚುಚ್ಚುವುದು ಬೆರಳಿಗಷ್ಟೇ ಎಂದಾಗ ಯಾರೂ ಹೆದರುವುದಿಲ್ಲ.

ವ್ಯವಸ್ಥಾಪಕರಿಗೆ ಈ ವಿಷಯವನ್ನು ಅಲ್ಲಿಯೇ ಬರೆದುಕೊಟ್ಟೆ. ಅವರು ಓದಿ, ಆ ಮೇಜು ಪ್ರಚಾರ ವಿಭಾಗಕ್ಕೆ ಸೇರಿದ್ದೆಂದರು. ವರದಿ ಹೇಳಿದ ಸಮಯಕ್ಕೇ ಕೈಸೇರಿತು. ತೋಳಿನಿಂದ ರಕ್ತ ಕೊಡಲು ಮುಂದಿನ ಬಾರಿಯೂ ಅಲ್ಲಿಗೇ ಹೋಗುತ್ತೇನೆ, ಆ ರಬ್ಬರ್ ಪಟ್ಟಿಯನ್ನು ಬದಲಿಸಿ ಎಂದು ಕೇಳುತ್ತೇನೆ. ಬಾಗಿಲ ಬಳಿಯ ಮೇಜಿಗೆ ಮಾತ್ರ ಬೆರಳು ಚಾಚುವುದಿಲ್ಲ.